ಗೇಮ್ ಆಡುವಾಗ ಲ್ಯಾಪ್‌ಟಾಪ್ ಕಾದ ಹಂಚಾದರೆ: ಬಿಸಿ ಎಲ್ಲಿ ನಿಂತಿದೆ ಅಂತ ಪತ್ತೆ ಹಚ್ಚುವುದು

ಕಳೆದ ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಗೇಮ್ ಆಡ್ಕೊಂತ ಇದ್ದಂಗೆ ಲ್ಯಾಪ್‌ಟಾಪ್ ಪಟಕ್ ಅಂತ ಆಫ್ ಆಗ್ತೈತೆ. ಅಂಗಡಿಯಾಗ ತೋರಿಸ್ದೆ. ಬೋರ್ಡ್ ಹೋಗೈತೆ, ಹದಿನಾಲ್ಕು ಸಾವಿರ ಆಗ್ತೈತೆ ಅಂದ್ರು."

"ಆಟ ಶುರು ಮಾಡಿ ಎಷ್ಟೊತ್ತಿಗೆ ಆಫ್ ಆಗ್ತದೆ?"

"ಇಪ್ಪತ್ತು ನಿಮಿಷ. ಒಂದೊಂದ್ಸಲ ಇಪ್ಪತ್ತೈದು."

"ಆಫ್ ಆದ ತಕ್ಷಣ ಮತ್ತೆ ಆನ್ ಮಾಡಿ ಆಡಿದ್ರೆ?"

"ಐದೇ ನಿಮಿಷ."

"ಎಲ್ಲಿ ಇಟ್ಕೊಂಡು ಆಡ್ತೀಯ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಾದಿ ಮ್ಯಾಲೆ."

ಇಲ್ಲಿಗೆ ಅರ್ಧ ಪತ್ತೆ ಮುಗಿದಂತೆ. ಕೆಟ್ಟ ಬೋರ್ಡಿಗೆ ಗಡಿಯಾರ ನೋಡಿಕೊಂಡು ಸಾಯುವ ಅಭ್ಯಾಸ ಇರುವುದಿಲ್ಲ. ತಣ್ಣಗಿದ್ದಾಗ ಇಪ್ಪತ್ತು ನಿಮಿಷ, ಬಿಸಿ ಇದ್ದಾಗ ಐದೇ ನಿಮಿಷ ಅಂದರೆ ಒಳಗೆ ಬಿಸಿ ತುಂಬಿಕೊಳ್ಳುತ್ತಿದೆ, ಹೊರಗೆ ಹೋಗುತ್ತಿಲ್ಲ ಅಂತಲೇ ಅರ್ಥ. ಕಾಲೇಜಿನ ಕೆಲಸ ಮಾಡಿದರೆ, ಸಿನಿಮಾ ನೋಡಿದರೆ ಏನೂ ತೊಂದರೆ ಇಲ್ಲ ಅಂತಲೂ ಹೇಳಿದ. ಮುಂದಿನ ವಾರ ಒಂದು ಮದುವೆಗೆ ಬಳ್ಳಾರಿಗೆ ಹೋಗುವುದಿತ್ತು. ಸ್ಕ್ರೂಡ್ರೈವರ್ ಸೆಟ್ಟು ಬ್ಯಾಗಿಗೆ ಹಾಕಿಕೊಂಡೆ.

ಆ ಲ್ಯಾಪ್‌ಟಾಪಿನಲ್ಲಿ ತೊಂದರೆ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಲ್ಯಾಪ್‌ಟಾಪ್ ಬೇರೆ ಇರಬಹುದು, ದಾರಿ ಮಾತ್ರ ಅದೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪತ್ತೆ ಆಗುವವರೆಗೆ ಏನನ್ನೂ ಕೊಳ್ಳಬೇಡಿ. ಲ್ಯಾಪ್‌ಟಾಪಿನ ಅಡಿಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ಕೂಡ.

ಬಿಸಿ ನಡೆಯುವ ದಾರಿ

ಗೇಮ್ ಆಡುವಾಗ ಪ್ರೊಸೆಸರ್ 45 ವ್ಯಾಟ್, ಗ್ರಾಫಿಕ್ಸ್ ಚಿಪ್ 60ರಿಂದ 100 ವ್ಯಾಟ್ ತಿನ್ನುವುದು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲಿ. ದೊಡ್ಡ ಮಾಡೆಲ್‌ಗಳಲ್ಲಿ ಇನ್ನೂ ಜಾಸ್ತಿ. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಹಳೇ ಕಾಲದ 100 ವ್ಯಾಟ್ ಬಲ್ಬ್ ನೆನಪಿದೆ ಅಲ್ವಾ? ಉರಿಯುವಾಗ ಮುಟ್ಟಲು ಆಗುತ್ತಿತ್ತಾ? ಅಷ್ಟು ಬಿಸಿ ಇಲ್ಲಿ ಉಗುರಿನಗಲದ ಎರಡು ಚಿಪ್‌ಗಳಿಂದ ಹುಟ್ಟುತ್ತದೆ, ಅದೂ ಎರಡು ಬೆರಳು ದಪ್ಪದ ಡಬ್ಬಿಯೊಳಗೆ.

ಅಲ್ಲಿಂದ ಅದು ಹೊರಗೆ ಬರಬೇಕು. ಚಿಪ್ಪಿನ ಮೇಲೆ ಥರ್ಮಲ್ ಪೇಸ್ಟ್ (ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಲೇಪ), ಅದರ ಮೇಲೆ ತಾಮ್ರದ ಬಿಲ್ಲೆ, ಅಲ್ಲಿಂದ ಹೀಟ್ ಪೈಪ್. ಈ ಪೈಪಿನೊಳಗೆ ಒಂಚೂರು ದ್ರವ ಇರುತ್ತದೆ. ಚಿಪ್ಪಿನ ಕಡೆ ಅದು ಆವಿಯಾಗಿ ಇನ್ನೊಂದು ತುದಿಗೆ ಓಡಿ, ಅಲ್ಲಿ ತಣ್ಣಗಾಗಿ ಮತ್ತೆ ದ್ರವವಾಗಿ ವಾಪಸ್ ಬರುತ್ತದೆ. ಅನ್ನದ ಪಾತ್ರೆಯ ಮುಚ್ಚಳದಡಿ ನೀರು ಹನಿಯುವುದೂ ಇದೇ ಕತೆ. ಪೈಪಿನ ಆ ತುದಿಯಲ್ಲಿ ತೆಳು ತಗಡಿನ ಜಾಲರಿ ಇರುತ್ತದೆ. ಫ್ಯಾನು ತಳದಿಂದ ಗಾಳಿ ಎಳೆದು ಈ ಜಾಲರಿಯ ಮೂಲಕ ಹೊರಗೆ ಊದುತ್ತದೆ. ಕೊನೆಗೆ ಬಿಸಿ ಕೋಣೆಗೆ ಸೇರುತ್ತದೆ.

ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಹೊರಗಿನಿಂದ ಕಾಣುವುದು ಒಂದೇ ಲಕ್ಷಣ: ಬಿಸಿ. ಅದಕ್ಕೇ ಜನ ಎಡವುವುದು. ಪೇಸ್ಟ್ ಒಣಗಿದವನು ಕೂಲಿಂಗ್ ಪ್ಯಾಡ್ ಕೊಳ್ಳುತ್ತಾನೆ, ಧೂಳು ತುಂಬಿದವನು ಪೇಸ್ಟ್ ಬದಲಿಸುತ್ತಾನೆ.

ಎಷ್ಟು ಬಿಸಿ ಸಹಜ?

ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗುವುದೇ ತಪ್ಪು ಅಂತ ತಿಳಿದವರು ಬಹಳ ಜನ. ಭಾರಿ ಗೇಮ್ ಆಡುವಾಗ ಪ್ರೊಸೆಸರ್ 80ರಿಂದ 92 ಡಿಗ್ರಿ, ಗ್ರಾಫಿಕ್ಸ್ ಚಿಪ್ 70ರಿಂದ 83 ಡಿಗ್ರಿ ಇದ್ದರೆ ನಾನು ಬಿಚ್ಚಲು ಹೋಗುವುದಿಲ್ಲ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಎಎಂಡಿಯಲ್ಲಿ ಮಾಡೆಲ್ ನೋಡಿಕೊಂಡು 95ರಿಂದ 105. ಎನ್ವಿಡಿಯಾ ಲ್ಯಾಪ್‌ಟಾಪ್ ಚಿಪ್‌ಗಳು ಸಾಮಾನ್ಯವಾಗಿ 87ರ ಆಸುಪಾಸಿನಲ್ಲಿ ತಾವೇ ಬ್ರೇಕ್ ಹಾಕಿಕೊಳ್ಳುತ್ತವೆ.

ಮಿತಿ ಮುಟ್ಟಿದರೆ ತಕ್ಷಣ ಆಫ್ ಆಗುವುದಿಲ್ಲ. ಚಿಪ್ ತನ್ನ ವೇಗವನ್ನು ತಾನೇ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅಂತಾರೆ. ಆಡುವವರಿಗೆ ಅದು ಹೀಗೆ ಗೊತ್ತಾಗುತ್ತದೆ: 70 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 70 ಚಿತ್ರ) ಸಲೀಸಾಗಿ ಓಡುತ್ತಿದ್ದ ಆಟ ಹತ್ತು ನಿಮಿಷದ ಮೇಲೆ ಇದ್ದಕ್ಕಿದ್ದಂತೆ 25ಕ್ಕೆ ಬೀಳುತ್ತದೆ, ಅರ್ಧ ನಿಮಿಷ ತಡವರಿಸಿ ಮತ್ತೆ 70ಕ್ಕೆ ಏರುತ್ತದೆ, ಮತ್ತೆ ಬೀಳುತ್ತದೆ. ಗರಗಸದ ಹಲ್ಲಿನ ಹಾಗೆ. ವೇಗ ಇಳಿಸಿದರೂ ಸಾಲದೆ ಹೋದಾಗ ಮಾತ್ರ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ಪೂರ್ತಿ ಆಫ್ ಆಗುತ್ತದೆ. ಹಾಗಾಗಿ ಎಫ್‌ಪಿಎಸ್ ಬೀಳುತ್ತಿದ್ದರೆ ಆರಾಮಾಗಿ ಹುಡುಕಿ. ಆಫ್ ಆಗುತ್ತಿದ್ದರೆ ಆಟ ನಿಲ್ಲಿಸಿ, ಆಮೇಲೆ ಹುಡುಕಿ.

ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಇವೆಂಟ್ ವ್ಯೂಯರ್‌ನಲ್ಲಿ ಕರ್ನಲ್-ಪವರ್ 41 ಅಂತ ಕಂಡರೆ ಬಿಸಿಗೆ ಅದೇ ಸಾಕ್ಷಿ ಅಂದುಕೊಳ್ಳಬೇಡಿ. ವಿಂಡೋಸ್ ಸರಿಯಾಗಿ ಮುಚ್ಚದೆ ಯಂತ್ರ ನಿಂತಿತು ಅಂತಷ್ಟೇ ಅದರ ಅರ್ಥ. ಚಾರ್ಜರ್ ಪಿನ್ ಸಡಿಲವಾಗಿದ್ದರೂ ಅದೇ ಬರೆಯುತ್ತದೆ.

ಮೊದಲು ಅಳತೆ

ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ತೆರೆಯುವಾಗ ಸೆನ್ಸರ್ಸ್ ಓನ್ಲಿ ಅಂತ ಟಿಕ್ ಮಾಡಿ. ಮುಖಕ್ಕೆ ರಾಚುವಷ್ಟು ಅಂಕಿಗಳು ಬರುತ್ತವೆ, ಗಾಬರಿ ಬೇಡ. ನಮಗೆ ಬೇಕಾದ್ದು ಐದಾರೇ ಸಾಲು: ಪ್ರತಿ ಕೋರ್‌ನ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಒಂದೊಂದು ಭಾಗ) ಬಿಸಿ, ಸಿಪಿಯು ಪ್ಯಾಕೇಜ್ ಅಂದರೆ ಇಡೀ ಪ್ರೊಸೆಸರ್, ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್ಪಿನ ಬಿಸಿ, ಜಿಪಿಯು ಹಾಟ್ ಸ್ಪಾಟ್ ಅಂದರೆ ಅದರಲ್ಲೇ ಅತಿ ಬಿಸಿಯಾದ ಜಾಗ, ಕೋರ್ ವೇಗ, ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು). ಇಂಟೆಲ್ ಆದರೆ ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲೂ ಇರುತ್ತದೆ. ಅಲ್ಲಿ 'ಯೆಸ್' ಅಂತ ಬಂದರೆ ಅನುಮಾನವೇ ಉಳಿಯಲಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಫ್ಯಾನ್ ವೇಗವನ್ನು ಇದಕ್ಕೆ ತೋರಿಸುವುದಿಲ್ಲ. ಆಗ ಲ್ಯಾಪ್‌ಟಾಪ್ ಕಂಪನಿಯದೇ ಆ್ಯಪ್‌ನಲ್ಲಿ ನೋಡಿ.

ಈಗ ನೋಡಬೇಕಾದ್ದು ಬಿಸಿ ಎಷ್ಟಕ್ಕೆ ಏರಿತು ಅಂತ ಮಾತ್ರ ಅಲ್ಲ. ಯಾವ ರೀತಿ ಏರಿತು ಅನ್ನುವುದು ಅದಕ್ಕಿಂತ ಮುಖ್ಯ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸುಗಳು ಇಲ್ಲೇ ಬಗೆಹರಿಯುತ್ತವೆ.

ಆಟ ಲೋಡ್ ಆದ ಹತ್ತಿಪ್ಪತ್ತು ಸೆಕೆಂಡಿನಲ್ಲೇ 50ರಿಂದ 97ಕ್ಕೆ ಹಾರಿತು ಅಂದುಕೊಳ್ಳಿ. ಬಿಸಿ ಚಿಪ್ಪಿನ ಮೇಲೇ ನಿಂತಿದೆ, ತಾಮ್ರಕ್ಕೆ ದಾಟುತ್ತಿಲ್ಲ. ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ (ತಾಮ್ರ, ಪೈಪ್, ಜಾಲರಿ ಸೇರಿದ ಭಾಗ) ಸರಿಯಾಗಿ ಕೂತಿಲ್ಲ. ಬದಲಿಗೆ 70, 75, 80 ಅಂತ ಹತ್ತು ಹದಿನೈದು ನಿಮಿಷ ನಿಧಾನವಾಗಿ ಹತ್ತುತ್ತಾ ಹೋಗಿ 97 ಮುಟ್ಟಿತು ಅಂದರೆ ಪೇಸ್ಟು ತನ್ನ ಕೆಲಸ ಮಾಡುತ್ತಿದೆ, ತಾಮ್ರವೂ ಕಾದಿದೆ, ಗಾಳಿ ಮಾತ್ರ ಅದನ್ನು ಒಯ್ಯುತ್ತಿಲ್ಲ. ಧೂಳು, ಫ್ಯಾನು, ಗಾದಿ, ಕೋಣೆ: ಇವುಗಳ ಕಡೆ ನೋಡಿ.

ಇನ್ನೊಂದು ಸುಳಿವು. ಎಲ್ಲ ಕೋರ್‌ಗಳಿಗೂ ಒಂದೇ ಕೆಲಸ ಕೊಟ್ಟಾಗ ಅವುಗಳ ನಡುವೆ ನಾಲ್ಕೈದು, ಹೆಚ್ಚೆಂದರೆ ಏಳೆಂಟು ಡಿಗ್ರಿ ವ್ಯತ್ಯಾಸ ಇರುತ್ತದೆ. ಒಂದು ಕೋರ್ 98, ಪಕ್ಕದ್ದು 82 ಅಂತಿದ್ದರೆ ಪೇಸ್ಟ್ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಜಿಪಿಯುನಲ್ಲೂ ಹಾಗೇ. ಮಾಮೂಲಿ ಬಿಸಿಗೂ ಹಾಟ್ ಸ್ಪಾಟಿಗೂ 10ರಿಂದ 15 ಡಿಗ್ರಿ ಅಂತರ ಸರಿ. 25 ದಾಟಿದರೆ ಪೇಸ್ಟನ್ನು ಅನುಮಾನಿಸಿ.

ಬಳ್ಳಾರಿಯ ಆ ಲ್ಯಾಪ್‌ಟಾಪ್ ಮೂರು ವರ್ಷ ಹಳೆಯದು. ಆರು ಕೋರ್, 4 ಜಿಬಿ ಗ್ರಾಫಿಕ್ಸ್. ಮೇಜಿನ ಮೇಲಿಟ್ಟು ಆಡಿಸಿದೆ, ಎಂಟು ನಿಮಿಷ ಮಾತ್ರ. ನಿಧಾನವಾಗಿ ಏರುತ್ತಾ ಹೋಗಿ ಪ್ರೊಸೆಸರ್ 97, ಜಿಪಿಯು 86. ಎಡ ಫ್ಯಾನ್ 5,200 ಆರ್‌ಪಿಎಂ, ಬಲ ಫ್ಯಾನ್ 1,900. ಜೋಡಿ ಫ್ಯಾನುಗಳ ನಡುವೆ ಇಷ್ಟೊಂದು ಅಂತರ ಇರುವುದಿಲ್ಲ. ಜೊತೆಗೆ ಎರಡನೇ ಕೋರ್ ಉಳಿದವಕ್ಕಿಂತ 14 ಡಿಗ್ರಿ ಮೇಲಿತ್ತು. ಒಂದೇ ರೋಗಿಗೆ ಎರಡು ರೋಗ.

ಅಂಗೈ ಪರೀಕ್ಷೆ

ಸಾಫ್ಟ್‌ವೇರ್ ಇಲ್ಲದೆಯೂ ಮಾಡಬಹುದಾದ ಪರೀಕ್ಷೆ ಇದು. ಆಟ ಜೋರಾಗಿ ನಡೆಯುತ್ತಿರುವಾಗ ಗಾಳಿ ಹೊರಬರುವ ಕಿಂಡಿಯ ಮುಂದೆ, ನಾಲ್ಕು ಬೆರಳು ದೂರದಲ್ಲಿ ಅಂಗೈ ಹಿಡಿಯಿರಿ.

ಜೋರು ಗಾಳಿ, ಸುಡುವಷ್ಟು ಬಿಸಿ: ವ್ಯವಸ್ಥೆ ಸರಿಯಾಗಿದೆ, ಹೊರೆಯೇ ಜಾಸ್ತಿ ಅಥವಾ ಕೋಣೆಯೇ ಕಾದಿದೆ. ಫ್ಯಾನ್ ವಿಮಾನದ ಹಾಗೆ ಕೂಗುತ್ತಿದೆ, ಗಾಳಿ ಮಾತ್ರ ಉಸಿರಿನಷ್ಟು: ಜಾಲರಿಯಲ್ಲಿ ಧೂಳು. ಗಾಳಿ ಜೋರಾಗಿದೆ ಆದರೆ ಬೆಚ್ಚಗಷ್ಟೇ ಇದೆ, ಪರದೆಯಲ್ಲಿ ಮಾತ್ರ 98 ಡಿಗ್ರಿ: ಬಿಸಿ ಜಾಲರಿಯವರೆಗೆ ಬರುತ್ತಲೇ ಇಲ್ಲ, ಅಂದರೆ ಪೇಸ್ಟ್ ಅಥವಾ ಹೀಟ್ ಪೈಪ್. ಎರಡು ಕಿಂಡಿಗಳಲ್ಲಿ ಒಂದರಿಂದ ಗಾಳಿಯೇ ಇಲ್ಲ: ಆ ಕಡೆಯ ಫ್ಯಾನ್ ನಿಂತಿದೆ. ಕಿವಿಯನ್ನೂ ಹತ್ತಿರ ಒಯ್ಯಿರಿ. ಕಟಕಟ, ಕರಕರ ಸದ್ದು ಬಂದರೆ ಬೇರಿಂಗ್ ಸವೆದಿದೆ ಅಥವಾ ರೆಕ್ಕೆಗೆ ಏನೋ ತಾಗುತ್ತಿದೆ.

ನಾವು ಕೈ ಇಟ್ಟಾಗ ಎಡಗಡೆ ಬಿಸಿಗಾಳಿ ಇತ್ತು, ತುಸು ಕಮ್ಮಿ. ಬಲಗಡೆ ಇಲ್ಲವೇ ಇಲ್ಲ ಅನ್ನುವಷ್ಟು. ಹುಡುಗ ಕೈ ಹಿಡಿದು ನೋಡಿ, "ಇದು ಮೊದಲಿಂದಾನೂ ಹಿಂಗೇ ಐತೆ ಅನ್ಕಂಡಿದ್ದೆ" ಅಂದ.

ಏನೂ ಆಡದಿದ್ದಾಗಲೂ ಬಿಸಿ ಇದ್ದರೆ

ಸುಮ್ನೆ ತೆರೆದಿಟ್ಟ ಲ್ಯಾಪ್‌ಟಾಪ್ 40ರಿಂದ 55 ಡಿಗ್ರಿಯಲ್ಲಿ ಇರಬೇಕು. ಬಳ್ಳಾರಿಯ ಬೇಸಿಗೆಗೆ ಇನ್ನೊಂದು ಐದು ಸೇರಿಸಿ. ಏನೂ ಮಾಡದೆಯೇ 70 ತೋರಿಸುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಂ ಮೇಲೆ ಒತ್ತಿ, ಯಾರು ತಿನ್ನುತ್ತಿದ್ದಾರೆ ನೋಡಿ. ಹೆಚ್ಚಿನ ಸಲ ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್, ಇಲ್ಲವೇ ನಲವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್.

ಒಂದೊಂದು ಸಲ ಕಳ್ಳ ಒಳಗೇ ಇರುತ್ತಾನೆ. ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಕಳ್ಳದಾರಿಯಲ್ಲಿ ಸಿಗುವ ಗೇಮ್ ಇಳಿಸಿಕೊಳ್ಳುವವರಿಗೆ ಇದನ್ನು ಹೇಳಲೇಬೇಕು. ಕ್ರ್ಯಾಕನೋಶ್ ಅನ್ನುವ ವೈರಸ್ ಬಗ್ಗೆ 2021ರಲ್ಲಿ ಅವಾಸ್ಟ್ ಕಂಪನಿ ವರದಿ ಮಾಡಿತ್ತು. ಕ್ರ್ಯಾಕ್ ಮಾಡಿದ ಗೇಮ್‌ಗಳ ಜೊತೆ ಕಂಪ್ಯೂಟರಿಗೆ ಬಂದು, ಆಂಟಿವೈರಸ್ ಅನ್ನೇ ನಿಲ್ಲಿಸಿ, ಮೊನೆರೊ ಅನ್ನುವ ಕ್ರಿಪ್ಟೊ ನಾಣ್ಯವನ್ನು ನಿಮ್ಮ ಕರೆಂಟಿನಲ್ಲಿ ಗಣಿ ಮಾಡುತ್ತಿತ್ತು. ಗೇಮ್ ಪುಕ್ಕಟೆ ಸಿಕ್ಕಿತು ಅಂತ ಖುಷಿ ನಿಮಗೆ, ಲ್ಯಾಪ್‌ಟಾಪ್ ಪುಕ್ಕಟೆ ಸಿಕ್ಕಿತು ಅಂತ ಖುಷಿ ಅವರಿಗೆ. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಆಫ್ ಆಗಿದೆ, ನೀವು ಆಫ್ ಮಾಡಿಲ್ಲ ಅಂದರೆ ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ವಿಂಡೋಸನ್ನೇ ಹೊಸದಾಗಿ ಹಾಕಿ.

ಬಿಚ್ಚುವುದು, ಧೂಳು ತೆಗೆಯುವುದು

ವಾರಂಟಿ ಇದ್ದರೆ ಬಿಚ್ಚಬೇಡಿ, ಅವರ ಹತ್ತಿರವೇ ಮಾಡಿಸಿ. ಇಲ್ಲವಾದರೆ ನಿಮ್ಮ ಮಾಡೆಲ್ ಹೆಸರು ಹಾಕಿ ಬಿಚ್ಚುವ ವೀಡಿಯೊ ಹುಡುಕಿ, ಒಂದು ಸಲ ಪೂರ್ತಿ ನೋಡಿ. ಆಮೇಲೆ ಶುರು ಮಾಡಿ.

ಚಾರ್ಜರ್ ಕೀಳಿ, ಪೂರ್ತಿ ಶಟ್‌ಡೌನ್ ಮಾಡಿ. ತಳದ ಸ್ಕ್ರೂಗಳು ಬಹಳಷ್ಟು ಸಲ ಒಂದೇ ಉದ್ದ ಇರುವುದಿಲ್ಲ. ಹೆಚ್ಚಾಗಿ ಮುಂದಿನವು ಗಿಡ್ಡ, ಹಿಂದಿನವು ಉದ್ದ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಅಂಗೈ ಇಡುವ ಕಡೆ ಉಬ್ಬು ಬರುತ್ತದೆ, ಕೆಲವು ಸಲ ಬೋರ್ಡಿಗೇ ಚುಚ್ಚುತ್ತದೆ. ನಾನು ಅಕ್ಕನ ಇಡ್ಲಿ ತಟ್ಟೆ ತೆಗೆದುಕೊಂಡೆ. ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ. ಯಾವ ಗುಳಿ ಯಾವ ಮೂಲೆ ಅಂತ ಹುಡುಗ ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡ. (ಇಡ್ಲಿ ತಟ್ಟೆ ತೊಳೆದು ಕೊಟ್ಟರೂ ಅಕ್ಕ ಇನ್ನೂ ಆ ವಿಷಯ ಎತ್ತುತ್ತಾಳೆ.) ತಳವನ್ನು ಹಿಡಿದಿರುವ ಕ್ಲಿಪ್‌ಗಳಿಗೆ ಹಳೇ ಸಿಮ್ ಕಾರ್ಡಿನ ಚೌಕಟ್ಟು ಅಥವಾ ಎಟಿಎಂ ಕಾರ್ಡ್ ಸಾಕು. ಚಾಕು ಬೇಡ.

ತಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಬಲ ಫ್ಯಾನನ್ನು ನೋಡಿದೆ. ಅದರ ನಡುಭಾಗಕ್ಕೆ ಗಾದಿಯ ಅರಳೆ ಎಳೆಎಳೆಯಾಗಿ ಸುತ್ತಿಕೊಂಡು ನೂಲಿನ ಉಂಡೆಯಾಗಿತ್ತು. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಫ್ಯಾನಿನ ಮೂರು ಸ್ಕ್ರೂ ಬಿಚ್ಚಿ ಎತ್ತಿದಾಗ ಅಸಲಿ ಸಂಗತಿ ಕಂಡಿತು. ಫ್ಯಾನಿಗೂ ಜಾಲರಿಗೂ ನಡುವೆ ಒಂದು ಪಟ್ಟಿ: ಧೂಳು, ಕೂದಲು, ಅರಳೆ ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಸಂಡೂರು ಕಡೆಯ ಕೆಂಧೂಳು ಸೇರಿ ಅದರ ಬಣ್ಣವೂ ಇಟ್ಟಿಗೆಯದೇ. ಚಿಮುಟದಲ್ಲಿ ತುದಿ ಹಿಡಿದು ಎಳೆದರೆ ಇಡಿಯಾಗಿ ಬಂತು, ಬೆರಳುದ್ದ.

ಈ ಪಟ್ಟಿ ಹೊರಗಿನಿಂದ ಕಾಣುವುದಿಲ್ಲ. ಕಿಂಡಿಯಲ್ಲಿ ಟಾರ್ಚ್ ಹಾಕಿ ನೋಡಿ "ಕ್ಲೀನಾಗೇ ಇದೆಯಲ್ಲ" ಅಂದವರೆಷ್ಟೋ. ಹೊರಗಿನಿಂದ ಬ್ಲೋವರ್ ಹಿಡಿದು ಊದಿದರೆ ಅದು ವಾಪಸ್ ಫ್ಯಾನಿನೊಳಗೆ ಬೀಳುತ್ತದೆ, ಎರಡು ದಿನದಲ್ಲಿ ಮತ್ತೆ ಅಲ್ಲೇ ಬಂದು ಕೂರುತ್ತದೆ. ಫ್ಯಾನ್ ಎತ್ತಿ ತೆಗೆಯುವುದೇ ಸರಿಯಾದ ದಾರಿ. ಉಳಿದ ಧೂಳಿಗೆ ಮೆತ್ತನೆ ಬ್ರಷ್, ಆಮೇಲೆ ಬ್ಲೋವರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬುಗುರಿಯ ಹಾಗೆ ತಿರುಗಲು ಬಿಟ್ಟರೆ ನೋಡಲು ಚೆಂದ, ಬೇರಿಂಗ್ ಹಾಳು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಬೋರ್ಡಿಗೆ ತಾಗಿಸಬೇಡಿ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಳ್ಳುತ್ತದೆ.

ಫ್ಯಾನ್ ಬೇರಿಂಗೇ ಹೋಗಿದ್ದರೆ ಎಣ್ಣೆ ಬಿಡುವ ಸಾಹಸ ಬೇಡ. ಹೊಸ ಫ್ಯಾನ್ ಹಾಕಿ. ಕೊಳ್ಳುವಾಗ ಹಳೆಯದರ ಸ್ಟಿಕ್ಕರ್ ಮೇಲಿನ ಪಾರ್ಟ್ ನಂಬರ್ ಹೊಂದಿಸಿ, ಎಡ ಬಲ ಬೇರೆ ಬೇರೆ ಇರುತ್ತವೆ.

ತಳ ಮುಚ್ಚಿ ಮತ್ತೆ ಅದೇ ಆಟ, ಅದೇ ಮೇಜು. ಬಲ ಫ್ಯಾನ್ 4,900ಕ್ಕೆ ಬಂತು. ಪ್ರೊಸೆಸರ್ 90, ಜಿಪಿಯು 78. ಅರ್ಧ ಗಂಟೆ ಆದರೂ ಆಫ್ ಆಗಲಿಲ್ಲ. ಹದಿನಾಲ್ಕು ಸಾವಿರದ ಬೋರ್ಡ್ ಒಂದು ಬೆರಳುದ್ದದ ಧೂಳಿನ ಪಟ್ಟಿಯಲ್ಲಿ ಮುಗಿಯಿತು. ಆದರೆ ಆ ಎರಡನೇ ಕೋರ್ ಇನ್ನೂ 13 ಡಿಗ್ರಿ ಮೇಲೇ ಇತ್ತು.

ಪೇಸ್ಟ್ ಬದಲಿಸುವುದು

ಪ್ರತಿ ಆರು ತಿಂಗಳಿಗೆ ಪೇಸ್ಟ್ ಬದಲಿಸಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಲಕ್ಷಣ ಇದ್ದರೆ ಬದಲಿಸಿ, ಇಲ್ಲದಿದ್ದರೆ ಸುಮ್ಮನಿರಿ. ಮೂರು ನಾಲ್ಕು ವರ್ಷ ಚೆನ್ನಾಗಿ ನಡೆಯುವುದನ್ನು ಕಂಡಿದ್ದೇನೆ. ಮತ್ತೆ ಮತ್ತೆ ಬಿಚ್ಚಿದಷ್ಟೂ ಸ್ಕ್ರೂ ಸವೆಯುತ್ತದೆ, ಪ್ಯಾಡ್ ಹರಿಯುತ್ತದೆ.

ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ಕೆಲವು ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಬೆಳ್ಳಿಯಂತೆ ಹೊಳೆಯುವ ಆ ದ್ರವ ಲೋಹದಲ್ಲಿ ಕರೆಂಟ್ ಹರಿಯುತ್ತದೆ. ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಮುಗಿಯಿತು. ಅಲ್ಯೂಮಿನಿಯಂ ಅನ್ನಂತೂ ತಿಂದೇ ಹಾಕುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಅದಿದ್ದರೆ ಹೀಟ್‌ಸಿಂಕ್ ಮುಟ್ಟಬೇಡಿ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3 ಅಂತ ನಂಬರ್ ಕೊರೆದಿರುತ್ತಾರೆ. ಬಿಗಿಯುವಾಗ ಆ ಕ್ರಮ, ಸಡಿಲಿಸುವಾಗ ಉಲ್ಟಾ. ಒಂದೇ ಸಲಕ್ಕೆ ಪೂರ್ತಿ ತಿರುಗಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ. ಎತ್ತುವಾಗ ಅಂಟಿಕೊಂಡಿದ್ದರೆ ಮೆಲ್ಲಗೆ ಆಚೀಚೆ ಅಲುಗಿಸಿ, ಕಿತ್ತೆಳೆಯಬೇಡಿ. ಐದು ನಿಮಿಷ ಗೇಮ್ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ ಬಿಚ್ಚಿದರೆ ಸಲೀಸಾಗಿ ಬರುತ್ತದೆ.

ನಾವು ಎತ್ತಿದಾಗ ಜಿಪಿಯು ಮೇಲಿನ ಪೇಸ್ಟ್ ಇನ್ನೂ ಬೂದು ಬಣ್ಣದ ಬೆಣ್ಣೆಯಂತಿತ್ತು. ಪ್ರೊಸೆಸರ್ ಮೇಲೆ ಮಾತ್ರ ನಡುಭಾಗ ಬೋಳು. ಅಂಚಿನಲ್ಲಿ ಒಣಗಿದ ಸುಣ್ಣದ ಹಾಗೆ ಹಕ್ಕಳೆ. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಪ್ರತಿ ಸಲ ಒಂದಿಷ್ಟು ಪೇಸ್ಟ್ ನಡುವಿನಿಂದ ಅಂಚಿಗೆ ತಳ್ಳಿಕೊಂಡು ಹೋಗುತ್ತದೆ. ಎರಡನೇ ಕೋರ್ ಆ ಬೋಳು ಜಾಗದ ಕೆಳಗಿತ್ತು ಅಂತ ಕಾಣುತ್ತದೆ.

ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ. ತಾಮ್ರದಲ್ಲಿ ನಿಮ್ಮ ಮುಖ ಕಾಣುವಷ್ಟು. ಪೇಸ್ಟ್ ಯಾವುದು? ಡೆಸ್ಕ್‌ಟಾಪ್‌ನಲ್ಲಿ ಹೆಸರುವಾಸಿಯಾದ ತೆಳು ಪೇಸ್ಟ್‌ಗಳು ಲ್ಯಾಪ್‌ಟಾಪಿನ ಬಿಸಿಗೆ ಬೇಗ ಅಂಚಿಗೆ ಜಾರುತ್ತವೆ. ಗಟ್ಟಿ ಪೇಸ್ಟೇ ಒಳ್ಳೆಯದು. ಅದಕ್ಕಿಂತ ನನಗೆ ಇಷ್ಟವಾದದ್ದು ಹನಿವೆಲ್‌ನ ಪಿಟಿಎಂ 7950. ಇದು ಹಾಳೆಯ ಥರ ಇರುತ್ತದೆ, 45 ಡಿಗ್ರಿಯ ಹತ್ತಿರ ಮೆತ್ತಗಾಗಿ ಸಂದುಗಳಲ್ಲಿ ಇಳಿದು ಕೂರುತ್ತದೆ, ಅಂಚಿಗೆ ಓಡಿಹೋಗುವುದು ಬಹಳ ಕಮ್ಮಿ. ನಕಲಿ ಹಾಳೆಗಳೂ ಮಾರಾಟಕ್ಕಿವೆ, ನೋಡಿ ಕೊಳ್ಳಿ. ಪೇಸ್ಟೇ ಆದರೆ ಲ್ಯಾಪ್‌ಟಾಪಿನ ಬೆತ್ತಲೆ ಚಿಪ್ಪಿಗೆ ಪೂರ್ತಿ ಮೇಲ್ಮೈ ಮುಚ್ಚುವಂತೆ ತೆಳುವಾಗಿ ಸವರಿ. ಟೂತ್‌ಪೇಸ್ಟ್ ಹಚ್ಚಿದರೆ ನಡೆಯುತ್ತದೆ ಅನ್ನುವ ವೀಡಿಯೊ ನೀವೂ ನೋಡಿರಬಹುದು. ಒಂದು ದಿನ ನಡೆಯುತ್ತದೆ. ಆಮೇಲೆ ನೀರು ಆರಿ ಸುಣ್ಣದ ಪುಡಿ.

ಮೆಮರಿ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್‌ಗಳು ಹರಿಯದಿದ್ದರೆ ಹಾಗೇ ಬಿಡಿ. ಹರಿದರೆ ಅದೇ ದಪ್ಪದ್ದನ್ನೇ ಹಾಕಬೇಕು. ಅರ್ಧ ಮಿಲಿಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಮೇಲೆದ್ದು ಪ್ರೊಸೆಸರನ್ನು ಮುಟ್ಟುವುದೇ ಇಲ್ಲ. ಪೇಸ್ಟ್ ಬದಲಿಸಿದ ಮೇಲೆ ಬಿಸಿ ಇನ್ನೂ ಜಾಸ್ತಿಯಾಯಿತು ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪೇಸ್ಟಿನ ನಂತರ ಪ್ರೊಸೆಸರ್ 84. ಕೋರ್‌ಗಳ ಅಂತರ 5.

ಬಿಸಿ ಹುಟ್ಟುವುದನ್ನೇ ಕಮ್ಮಿ ಮಾಡುವುದು

ಇದಕ್ಕೆ ಸ್ಕ್ರೂಡ್ರೈವರ್ ಬೇಡ. ಬಿಚ್ಚಲು ಹೆದರುವವರು ಇಲ್ಲಿಂದಲೇ ಶುರು ಮಾಡಬಹುದು.

ಎಲ್ಲಕ್ಕಿಂತ ಸುಲಭದ್ದು ಎಫ್‌ಪಿಎಸ್ ಮಿತಿ. ಪರದೆ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದು ಇದ್ದು ಗೇಮ್ 110 ಎಫ್‌ಪಿಎಸ್ ಓಡುತ್ತಿದ್ದರೆ ಉಳಿದ 50 ಯಾರಿಗಾಗಿ? ಬಿಸಿಗಾಗಿ. ಗೇಮಿನ ಸೆಟ್ಟಿಂಗ್‌ನಲ್ಲಿ ಸಿಗದಿದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ. 2020ರ ಜನವರಿಯ ಡ್ರೈವರ್‌ನಿಂದ ಬಂದದ್ದು. ಮೆನು ಪರದೆಯನ್ನು ಮರೆಯಬೇಡಿ. ಆಟದೊಳಗೆ 60 ಇದ್ದು ಮೆನುವಿನಲ್ಲಿ 300 ಓಡುವ ಗೇಮ್‌ಗಳಿವೆ. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಗೇಮಿನ ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಆಡುವಾಗ ಕೆಲವರ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್‌ಗಳೇ ಸತ್ತುಹೋದವು. ಆ ಕಾರ್ಡ್‌ಗಳಲ್ಲಿ ಬೆಸುಗೆ ದೋಷ ಇತ್ತು ಅಂತ ತಯಾರಕರು ಆಮೇಲೆ ಹೇಳಿದರು. ಆದರೂ ಗೇಮ್ ಮಾಡಿದವರು ಮೆನುವಿಗೆ ಎಫ್‌ಪಿಎಸ್ ಮಿತಿ ಹಾಕಿದರು. ಚಹಾ ಕುಡಿಯಲು ಎದ್ದು ಹೋಗುವಾಗ ಮೆನುವಿನಲ್ಲಿ ಬಿಟ್ಟು ಹೋಗುವವರು ಇದನ್ನು ನೆನಪಿಡಿ.

ಎರಡನೆಯದು ಪ್ರೊಸೆಸರಿನ ಟರ್ಬೊ, ಅಂದರೆ ಮಾಮೂಲಿ ವೇಗಕ್ಕಿಂತ ಮೇಲೆ ಓಡುವುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇದ್ದದ್ದನ್ನು 99 ಮಾಡಿದರೆ ಟರ್ಬೊ ನಿಲ್ಲುತ್ತದೆ. ಒಂದೇ ಅಂಕಿಯ ವ್ಯತ್ಯಾಸ, ಬಿಸಿ ಮಾತ್ರ ಹತ್ತು ಹದಿನೈದು ಡಿಗ್ರಿ ಇಳಿಯುವುದುಂಟು. ಗ್ರಾಫಿಕ್ಸ್ ಮೇಲೆ ಭಾರ ಹಾಕುವ ಗೇಮ್‌ಗಳಲ್ಲಿ ಎಫ್‌ಪಿಎಸ್ ಹೆಚ್ಚೇನೂ ಕಮ್ಮಿಯಾಗುವುದಿಲ್ಲ. ಪ್ರೊಸೆಸರ್ ಮೇಲೆ ಭಾರ ಹಾಕುವ ಗೇಮ್‌ಗಳಲ್ಲಿ ಗೊತ್ತಾಗುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯೇ ಕಾಣುವುದಿಲ್ಲ. ಆಗ ಕಂಪನಿಯ ಆ್ಯಪ್‌ನಲ್ಲಿ ಪರ್ಫಾರ್ಮೆನ್ಸ್ ಬದಲು ಬ್ಯಾಲೆನ್ಸ್ಡ್ ಇಟ್ಟರೆ ಹೆಚ್ಚುಕಮ್ಮಿ ಅದೇ ಫಲ.

ಮೂರನೆಯದು ಅಂಡರ್‌ವೋಲ್ಟ್, ಅಂದರೆ ಅದೇ ವೇಗಕ್ಕೆ ಕಮ್ಮಿ ವೋಲ್ಟೇಜ್ ಕೊಡುವುದು. ವೇಗ ಹಾಗೇ ಇಟ್ಟು ವೋಲ್ಟೇಜ್ 10 ಶೇಕಡಾ ಇಳಿಸಿದರೆ ಚಿಪ್ ಕೆಲಸ ಮಾಡುವಾಗ ತಿನ್ನುವ ಪವರ್ ಸುಮಾರು 19 ಶೇಕಡಾ ಇಳಿಯುತ್ತದೆ, ಯಾಕೆಂದರೆ ಲೆಕ್ಕ ವೋಲ್ಟೇಜಿನ ವರ್ಗದಲ್ಲಿದೆ. ಮೊದಲು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಹಾಕಿ ಇದನ್ನು ಸಲೀಸಾಗಿ ಮಾಡುತ್ತಿದ್ದೆವು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಬಯಲಾದ ಮೇಲೆ ಬಯೋಸ್ (ಬೋರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ಗಳಲ್ಲಿ ಈ ಬಾಗಿಲನ್ನು ಬಹಳ ಕಡೆ ಮುಚ್ಚಿಬಿಟ್ಟರು. ಗ್ರಾಫಿಕ್ಸ್ ಚಿಪ್ಪಿಗೆ ಮಾತ್ರ ಇನ್ನೂ ದಾರಿ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀ ಒತ್ತಿದರೆ ವೋಲ್ಟೇಜಿನ ಗೆರೆ ಕಾಣುತ್ತದೆ. ಅಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ, ಪ್ರತಿ ಸಲ ಅರ್ಧ ಗಂಟೆ ಆಡಿ ನೋಡಿ. ಅತಿಯಾದರೆ ಗೇಮ್ ಕ್ರ್ಯಾಶ್ ಆಗುತ್ತದೆ, ಹಿಂದಕ್ಕೆ ಬನ್ನಿ, ಅಷ್ಟೇ.

ಹುಡುಗನ ಲ್ಯಾಪ್‌ಟಾಪಿನಲ್ಲಿ ಎಫ್‌ಪಿಎಸ್ 60ಕ್ಕೆ ಕಟ್ಟಿ, ಟರ್ಬೊ ನಿಲ್ಲಿಸಿದೆ. ಪ್ರೊಸೆಸರ್ 74. ಟರ್ಬೊ ನಿಲ್ಲಿಸಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ನಾನು ಹೇಳುವವರೆಗೆ.

ಕೋಣೆಯ ಲೆಕ್ಕ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅನ್ನುತ್ತಾರೆ. ಇದು ತಮಾಷೆಯಾದರೂ ಲ್ಯಾಪ್‌ಟಾಪಿಗೆ ಲೆಕ್ಕದ ವಿಷಯ. ಫ್ಯಾನ್ ಎಷ್ಟೇ ತಿರುಗಲಿ, ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಹತ್ತು ಏರುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ 35 ಡಿಗ್ರಿಯವರೆಗಿನ ಕೋಣೆಗೆ ಮಾತ್ರ ಇದು ಅಂತ ಬರೆದಿರುತ್ತಾರೆ. ನಾವು ಅಳೆದಾಗ ಆ ಕೋಣೆ 38 ಇತ್ತು, ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದಾಗಲೇ. ಎಸಿ ಹಾಕಿದ ಅಂಗಡಿಯಲ್ಲಿ 24 ಡಿಗ್ರಿಯಲ್ಲಿ ಪರೀಕ್ಷೆ ಮಾಡಿ "ಎಲ್ಲ ಸರಿ ಇದೆ" ಅಂತ ವಾಪಸ್ ಕೊಡುವುದು, ಮನೆಗೆ ಬಂದರೆ ಮತ್ತೆ ಆಫ್ ಆಗುವುದು ಇದಕ್ಕೇ. ಸರ್ವೀಸಿಗೆ ಕೊಡುವಾಗ ಮನೆಯ ಕೋಣೆ ಎಷ್ಟು ಬಿಸಿ ಅಂತ ಹೇಳಿ.

ಹಿಂಭಾಗವನ್ನು ಎರಡು ಬಾಟಲಿ ಮುಚ್ಚಳಗಳ ಮೇಲೆ ಎತ್ತಿಡಿ. ತಳದಿಂದ ಗಾಳಿ ಎಳೆಯುವ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಮೂರ್ನಾಲ್ಕು ಡಿಗ್ರಿ ಇಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದೂವರೆ ಸಾವಿರದ ಕೂಲಿಂಗ್ ಪ್ಯಾಡ್ ಕೊಡುವುದೂ ಹೆಚ್ಚುಕಮ್ಮಿ ಅಷ್ಟೇ. ಹಿಂದಿನ ಕಿಂಡಿ ಗೋಡೆಗೆ ತಾಗಿಕೊಂಡಿದ್ದರೆ ಊದಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಒಂದು ಗೇಣು ಬಿಡಿ. ನೀರಿನ ಕೂಲರ್ ಮುಂದೆ ಇಡಬೇಡಿ, ಆ ತೇವ ಒಳಗೆ ಹೋಗುತ್ತದೆ. ಐಸ್ ಪ್ಯಾಕ್ ಮೇಲೆ ಇಡುವುದಂತೂ ಬೇಡವೇ ಬೇಡ. ಒಳಗೆ ನೀರು ಬೆವರಿದರೆ ಆಗ ನಿಜವಾಗಿಯೂ ಬೋರ್ಡ್ ಹೋಗುತ್ತದೆ.

ಬಿಸಿಯ ವೇಷದಲ್ಲಿ ಬರುವ ಬೇರೆ ತೊಂದರೆ

ಎಫ್‌ಪಿಎಸ್ ಬಿದ್ದಾಗ ಪ್ರೊಸೆಸರ್ 75 ಡಿಗ್ರಿ, ಜಿಪಿಯು 70 ಅಷ್ಟೇ ಇದ್ದರೆ ಅದು ಬಿಸಿಯ ತಪ್ಪಲ್ಲ. ಚಾರ್ಜರ್ ನೋಡಿ. ಪ್ಲಗ್ ಹಾಕಿ ಆಡುವಾಗಲೂ ಬ್ಯಾಟರಿ ಶೇಕಡಾ ಬೇಗ ಬೇಗ ಇಳಿಯುತ್ತಿದ್ದರೆ ಚಾರ್ಜರ್ ಸಾಲುತ್ತಿಲ್ಲ. 180 ವ್ಯಾಟ್ ಬೇಕಾದ ಕಡೆ ಗೆಳೆಯನ 65 ವ್ಯಾಟ್ ಟೈಪ್-ಸಿ ಚುಚ್ಚಿರುತ್ತಾರೆ. ಒಂದೇ ರ‍್ಯಾಮ್ ಕಡ್ಡಿ ಇರುವ ಲ್ಯಾಪ್‌ಟಾಪ್ ಕೂಡ ತಡವರಿಸುತ್ತದೆ, ಆದರೆ ಮೊದಲ ನಿಮಿಷದಿಂದಲೇ.

ಟಚ್‌ಪ್ಯಾಡ್ ಮೇಲೆದ್ದಿದೆ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ತಳ ಉಬ್ಬಿ ಮೇಜಿನ ಮೇಲೆ ತೊಟ್ಟಿಲಿನಂತೆ ಆಡುತ್ತಿದೆ ಅಂದರೆ ಬ್ಯಾಟರಿ ಊದಿಕೊಂಡಿದೆ. ಮೇಲೆ ಬರೆದದ್ದನ್ನೆಲ್ಲ ಬಿಡಿ. ಚಾರ್ಜರ್ ಕಿತ್ತು, ಆಫ್ ಮಾಡಿ, ಚುಚ್ಚದೆ ಒತ್ತದೆ ಅಂಗಡಿಗೆ ಒಯ್ಯಿರಿ. ಸದಾ ಪ್ಲಗ್ ಹಾಕಿಯೇ ಆಡುವವರು ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಇಟ್ಟುಕೊಳ್ಳಿ. ತುಂಬಿದ ಬ್ಯಾಟರಿ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ.

ಧೂಳಿಲ್ಲ, ಫ್ಯಾನ್ ಸರಿ, ಪೇಸ್ಟ್ ಹೊಸದು, ಆದರೂ ಸೆಕೆಂಡಿನಲ್ಲಿ 97ಕ್ಕೆ ಹಾರುತ್ತದೆ, ಕಿಂಡಿಯ ಗಾಳಿ ತಣ್ಣಗಿದೆ ಅಂದರೆ ಹೀಟ್ ಪೈಪ್ ತೂತಾಗಿ ಒಳಗಿನ ದ್ರವ ಹೋಗಿರಬಹುದು. ಪೈಪ್ ಎಲ್ಲಾದರೂ ಬಗ್ಗಿದೆಯಾ, ಜಜ್ಜಿದೆಯಾ ನೋಡಿ. ಅದನ್ನು ರಿಪೇರಿ ಮಾಡಲಾಗುವುದಿಲ್ಲ, ಹೀಟ್‌ಸಿಂಕನ್ನೇ ಬದಲಿಸಬೇಕು. ಅಂಗಡಿಗೆ ಕೊಡುವಾಗ "ಬಿಸಿ ಆಗುತ್ತೆ" ಅಂತಷ್ಟೇ ಹೇಳಬೇಡಿ. ಎಷ್ಟು ನಿಮಿಷಕ್ಕೆ, ಎಷ್ಟು ಡಿಗ್ರಿ, ಯಾವ ಫ್ಯಾನ್ ಎಷ್ಟು ಆರ್‌ಪಿಎಂ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಅಂಕಿ ನೋಡಿದ ಮೇಲೆ ಸುಮ್‌ಸುಮ್ನೆ ಬೋರ್ಡ್ ಹೋಗಿದೆ ಅನ್ನುವುದು ಸ್ವಲ್ಪ ಕಷ್ಟ.

ಹುಡುಗ ಈಗ ಮೇಜಿನ ಮೇಲಿಟ್ಟೇ ಆಡುತ್ತಾನಂತೆ. ಹೋದ ತಿಂಗಳು ಒಂದು ಫೋಟೊ ಕಳಿಸಿದ್ದ, ಪರದೆಯಲ್ಲಿ 76 ಡಿಗ್ರಿ. ದೊಡ್ಡದು ಮಾಡಿ ನೋಡಿದರೆ ಕೀಬೋರ್ಡಿನ ಕೆಳಗಡೆ ಚೌಕಳಿ ಬೆಡ್‌ಶೀಟಿನ ಅಂಚು.